ಮೋಟರ್ ನಿಲ್ಲಿಸಲು ಹೇಳಿದ ಸುಳ್ಳು

ಒಂದು ನೀರಿನ ಮೋಟರಿನ ಸದ್ದು ನಿಲ್ಲಿಸುವುದಕ್ಕಾಗಿ ನಾನು ಸರ್ವೆಯವನಾದೆ. ಇಷ್ಟು ದೊಡ್ಡ ದಡ್ಡತನ ನನ್ನಿಂದ ಇನ್ಯಾವತ್ತೂ ಆಗಿಲ್ಲ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ.

ಅರಸೀಕೆರೆಯಿಂದ ಬೇಲೂರಿನವರೆಗೆ ನಡೆಯುತ್ತ ದಾರಿಯ ಸದ್ದುಗಳನ್ನು ರೆಕಾರ್ಡ್ ಮಾಡುವುದು ನನ್ನ ಕೆಲಸವಾಗಿತ್ತು. ಒಣನೆಲ ಮುಗಿದು ಭತ್ತದ ಗದ್ದೆ ಶುರುವಾದದ್ದು ಕಿವಿಗೆ ಎಲ್ಲಿ ಗೊತ್ತಾಗುತ್ತದೆಂದು ನೋಡಬೇಕಿತ್ತು. ಕೋಲಿನ ತುದಿಗೆ ಮೈಕು, ಗಾಳಿ ತಾಗದಿರಲೆಂದು ಅದಕ್ಕೊಂದು ತುಪ್ಪಳದ ಟೋಪಿ, ನನ್ನ ತಲೆಗೆ ಹೆಡ್‌ಫೋನು. ಜಾವಗಲ್ ತಲುಪುವಷ್ಟರಲ್ಲಿ ತಾಲ್ಲೂಕಿನ ನಾಯಿಗಳೆಲ್ಲ ನನ್ನ ಹಿಂದಿದ್ದವು.

ಜಾವಗಲ್ ದಾಟಿದ ಮೇಲೆ, ರಸ್ತೆಗೆ ಅಂಟಿದ ತೋಟವೊಂದರಲ್ಲಿ ತೆಂಗಿನ ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು. ನನಗೆ ಅದೇ ಬೇಕಿತ್ತು. ಆದರೆ ಪಕ್ಕದಲ್ಲಿ ಮೋಟರ್ ಗುಂಯ್‌ಗುಡುತ್ತಿತ್ತು. ನೀರು ಹಾಯಿಸುತ್ತಿದ್ದ ಅಜ್ಜಿ ಬೇಲಿಯ ಹತ್ತಿರ ಬಂದರು.

"ಏನ್ ಸ್ವಾಮಿ, ಅಳೀತಾ ಇದೀರಾ? ರೋಡಿಗಾ?"

"ಹೂಂ ಅಜ್ಜಿ, ರೋಡ್ ಅಗಲ ಮಾಡ್ತಾರೆ. ಒಂಚೂರು ಮೋಟರ್ ಆಫ್ ಮಾಡಿ, ಮಿಷನ್‌ಗೆ ತೊಂದ್ರೆ ಆಗುತ್ತೆ," ಎಂದೆ, ನಗುತ್ತಲೇ.

ಮೋಟರ್ ನಿಂತಿತು. ರೆಕಾರ್ಡರ್ ಒತ್ತಿದೆ.

"ಈ ಮರದ ಸಾಲೆಲ್ಲಾ ಹೋಯ್ತದಾ?"

"ಹೂಂ, ಹೂಂ," ಎಂದು ತುಟಿಯ ಮೇಲೆ ಬೆರಳಿಟ್ಟೆ. ಅಜ್ಜಿ ಸುಮ್ಮನಾದರು. ಎಂಥ ಸಹಕಾರ ಎಂದುಕೊಂಡೆ.

ಹಳೇಬೀಡು ತಲುಪಿ ಚೀಲ ಬಿಚ್ಚಿದರೆ ಮೈಕಿನ ಟೋಪಿ ಇಲ್ಲ. ರೆಕಾರ್ಡ್ ಮುಗಿದ ಮೇಲೆ ಅಜ್ಜಿಯ ಬೇಲಿಗೂಟದ ಮೇಲೆ ಬಿಚ್ಚಿಟ್ಟು ಮರೆತು ಬಂದಿದ್ದೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ವಾಪಸ್ ಹೋದೆ.

ಬಸ್ಸಿಳಿದಾಗ ತೋಟದೊಳಗಿಂದ 'ಧುಪ್' ಎಂದಿತು. ಮತ್ತೊಂದು 'ಧುಪ್.' ಒದ್ದೆ ಮಣ್ಣು ನುಂಗಿಕೊಂಡಂಥ, ಎದೆಗೆ ತಾಗುವ ಸದ್ದು. ಟೋಪಿ ಮರೆತು ಹೆಡ್‌ಫೋನು ಏರಿಸಿ, ಕಣ್ಣು ಮುಚ್ಚಿ ನಿಂತೆ. ಕಣ್ಣು ಬಿಟ್ಟಾಗಲೇ ಗೊತ್ತಾದದ್ದು: ಅಜ್ಜಿ ರಸ್ತೆ ಬದಿಯ ಸಾಲಿನ ಕಾಯಿಗಳನ್ನೆಲ್ಲ ಕೀಳಿಸುತ್ತಿದ್ದಾರೆ. ಕೊಬ್ಬರಿಗೆಂದು ಮರದಲ್ಲೇ ಬಲಿಯಬೇಕಿದ್ದ ಕಾಯಿಗಳು ಹಸಿರುಹಸಿರಾಗಿ ಬಿದ್ದಿದ್ದವು.

"ಅಜ್ಜಿ, ಇದ್ಯಾಕೆ? ಇನ್ನೂ ಎಳಸು!"

"ಮರನೇ ಹೋಯ್ತದೆ ಅಂದ್ಮ್ಯಾಲೆ ಬಲಿಯೋಗಂಟ ಯಾರ್ ಬಿಡ್ತಾರೆ?"

"ರೋಡೂ ಇಲ್ಲ, ಸರ್ವೆನೂ ಇಲ್ಲ ಅಜ್ಜಿ. ನಾನು ಬರೀ ಸದ್ದು ಹಿಡಿಯೋನು. ಮೋಟರ್ ನಿಲ್ಲಿಸ್ಲಿ ಅಂತ ತಮಾಷೆಗೆ ಹೇಳ್ಬಿಟ್ಟೆ."

ಮರದ ಮೇಲಿದ್ದವನು ಕೂಗಿದ: "ಏನವ್ವಾ, ಕೀಳ್ಲಾ, ಇಳೀಲಾ?"

ಅಜ್ಜಿ ಅವನಿಗೆ ಇಳಿಯಲು ಕೈಸನ್ನೆ ಮಾಡಿದರು. ಆಮೇಲೆ ಮೋಟರ್ ಮನೆಗೆ ಹೋಗಿ ನನ್ನ ಟೋಪಿ ತಂದರು. ಇಬ್ಬನಿಯಲ್ಲಿ ನೆನೆಯದಿರಲೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಅದನ್ನು ನನ್ನ ಕೈಗಿಟ್ಟು ಹೇಳಿದರು:

"ನನ್ ಮಗ ಬತ್ತಾನೆ ಈಗ. ಯಾರನ್ ಕೇಳಿ ಕೀಳಿಸ್ದೆ ಅಂತ ಎಗರಾಡ್ತಾನೆ. ನಾನ್ ಹೇಳುದ್ರೆ ನಂಬಾಕಿಲ್ಲ. ನಾನ್ ಕೇಳಿದ್ದು, ನೀನ್ ಹೂಂ ಅಂದಿದ್ದು, ಎಲ್ಲಾ ಆ ಪೆಟ್ಟಿಗೇಲಿ ಐತಲ್ಲ? ಅವನಿಗೆ ಕೇಳಿಸ್ಬುಟ್ಟು ಹೋಗು."