ಬೇವಿನ ಮರ ಅಡ್ಡ ಬಂದಿರಲಿಲ್ಲ

ಅತ್ತೆ, ನಿಮ್ಮ ಹಿತ್ತಿಲ ಬೇವಿನ ಮರ ನಮ್ಮ ಡಿಶ್ಶಿಗೆ ಯಾವತ್ತೂ ಅಡ್ಡ ಬಂದಿರಲಿಲ್ಲ. ಟಿವಿ ನಿಂತದ್ದು ನನ್ನಿಂದ. ಅದು ನನಗೆ ಆಗಲೇ ಗೊತ್ತಿತ್ತು — ಮರಕ್ಕೆ ಮಚ್ಚು ಬೀಳುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ವರ್ಷಗಳೇ ಹಿಡಿದವು.

ನೀವು ನನ್ನ ಸೋದರತ್ತೆಯಲ್ಲ, ನೆಂಟರೂ ಅಲ್ಲ. ಕಾಮಸಮುದ್ರದ ರಸ್ತೆಯ ಈ ಊರಿನಲ್ಲಿ ನಮ್ಮೆರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಮುನಿರತ್ನಮ್ಮ ಎಂಬ ನಿಮ್ಮ ಪೂರ್ತಿ ಹೆಸರನ್ನು ಹಾಲಿನ ಡೈರಿಯಲ್ಲಿ ಕೂಗಿದಾಗ ಮಾತ್ರ ಕೇಳಿದ್ದೇನೆ. ನನಗೆ ಮಾತು ಬಂದಾಗಿನಿಂದ ನೀವು ಅತ್ತೆ, ಅಷ್ಟೆ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ ಅದು. ನಾನು ಭೌತಶಾಸ್ತ್ರದ ಎಂ.ಎಸ್ಸಿ. ಪರೀಕ್ಷೆ ಮುಗಿಸಿ, ಹಾಸ್ಟೆಲ್ ಖಾಲಿ ಮಾಡಿ ಮನೆಗೆ ಬಂದಿದ್ದೆ. ಅಪ್ಪ ಬೆಳಗಿನ ಗಾಡಿಗೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೊರಟರೆ ಕತ್ತಲಾದ ಮೇಲೆಯೇ ಬರುತ್ತಿದ್ದದ್ದು. ಆಪರೇಷನ್ ಆಗಿ ಮಲಗಿದ್ದ ಅಮ್ಮನನ್ನು ಎಬ್ಬಿಸುವುದು, ಮಗ್ಗುಲು ತಿರುಗಿಸುವುದು, ಒರೆಸುವುದು — ನನಗೆ ಯಾವುದೂ ಬರುತ್ತಿರಲಿಲ್ಲ. ಮುಟ್ಟಿದರೆ ಅಮ್ಮ ನರಳುತ್ತಿದ್ದಳು, ನಾನು ಕೈ ಹಿಂದೆಗೆಯುತ್ತಿದ್ದೆ. ನೀವು ಗೋಡೆಯಾಚೆಯಿಂದ ಅದನ್ನು ಕೇಳಿಸಿಕೊಂಡು ಬಂದಿರಿ. ಸೆರಗು ಸಿಕ್ಕಿಸಿ, ಅಮ್ಮನ ಬೆನ್ನಡಿ ಒಂದು ಕೈ, ಮಂಡಿಯಡಿ ಒಂದು ಕೈ ಕೊಟ್ಟು, ಹೂವಿನ ಹಾಗೆ ತಿರುಗಿಸಿದಿರಿ.

"ನೋಡೇ, ನಿನ್ ಮಗ್ಳು ಭೂಮಿ ತಿರ್ಗೋ ಲೆಕ್ಕ ಎಲ್ಲಾ ಓದವ್ಳೆ. ಅಮ್ಮನ್ನ ತಿರ್ಗ್ಸಾದೊಂದು ಯೋಳ್ಕೊಟ್ಟಿಲ್ಲ ಅಲ್ಲಿ" ಎಂದಿರಿ. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಮೊದಲ ಸಲ ನಕ್ಕದ್ದು ಆಗ. ನನಗೂ ನಗು ಬಂತು.

ಆಮೇಲೆ ದಿನಾ ಬಂದಿರಿ. ಮಧ್ಯಾಹ್ನ ಹಸುಗಳಿಗೆ ಹುಲ್ಲು ಹಾಕಿ, ಕೈ ತೊಳೆದು ಬಂದು ಅಮ್ಮನ ಕಾಲ ಬಳಿ ಕೂತು, ಪಾದ ಒತ್ತುತ್ತಾ ಧಾರಾವಾಹಿ ನೋಡುತ್ತಿದ್ದಿರಿ. ನಿಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಅದರೊಳಗಿನ ಅತ್ತೆಯನ್ನು ನೀವಿಬ್ಬರೂ ಸೇರಿ ಬಯ್ಯುತ್ತಿದ್ದಿರಿ — ನೀವು ತೆಲುಗಿನಲ್ಲಿ, ಅಮ್ಮ ಕನ್ನಡದಲ್ಲಿ. ಅಷ್ಟು ಹೊತ್ತು ಅಮ್ಮ ನೋವು ಮರೆಯುತ್ತಿದ್ದಳು. ಒಂದು ದಿನ ಧಾರಾವಾಹಿಯ ಆ ಅತ್ತೆ ಮೆಟ್ಟಿಲಿಂದ ಬಿದ್ದಾಗ ಅಮ್ಮ ಎದ್ದು ಕೂರಲು ಹೋದಳು, ತನಗೆ ಆಗುವುದಿಲ್ಲ ಎಂಬುದೇ ನೆನಪಿಲ್ಲದೆ. ನಮ್ಮ ಮನೆಗೆ ಟಿವಿ ಅಂದರೆ ಆಗ ಅದಾಗಿತ್ತು.

ಈಗ ನನ್ನ ವಿಷಯ.

ಹಾಸ್ಟೆಲಿನಲ್ಲಿ ನಮ್ಮ ಬಟ್ಟೆ ಒಣಹಾಕಲು ಬೇರೆ ಜಾಗವಿತ್ತು, ಯಾರೂ ಕಾಣದ ಜಾಗ. ಇಲ್ಲಿ ಅಂಗಳದ ತಂತಿ ರಸ್ತೆಗೆ ಎದುರಾಗಿದೆ. ಬಸ್ಸಿಗೆ ಕಾಯುವವರೆಲ್ಲ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ನನ್ನ ಒಳ ಉಡುಪು ಅಲ್ಲಿ ತೂಗುವುದು ನನ್ನಿಂದ ಸಹಿಸಲಾಗಲಿಲ್ಲ. ಸೀರೆಯ ಅಡಿಯಲ್ಲಿ ಮರೆಮಾಡಿ ಒಣಹಾಕುವುದು ಎಲ್ಲರ ರೂಢಿ, ನನಗೆ ಅದೂ ಸಾಲಲಿಲ್ಲ. ನಾನು ಮಾಳಿಗೆಗೆ ಹೋಗಿ ಡಿಶ್ಶಿನ ಕಂಬಕ್ಕೂ ನೀರಿನ ಟ್ಯಾಂಕಿನ ಪೈಪಿಗೂ ಒಂದು ನೀಲಿ ನೈಲಾನ್ ಹಗ್ಗ ಕಟ್ಟಿದೆ. ರಸ್ತೆಯ ಕಡೆಗೆ ಒದ್ದೆ ಬೆಡ್‌ಶೀಟನ್ನು ಪರದೆಯಾಗಿ ಹರವಿ, ಅದರ ಹಿಂದೆ ನನ್ನ ಬಟ್ಟೆ. ಸಂಜೆ ಅಪ್ಪ ಬರುವಷ್ಟರಲ್ಲಿ ಹಗ್ಗ ಬಿಚ್ಚಿ, ಸುತ್ತಿ, ನನ್ನ ಟ್ರಂಕಿನಲ್ಲಿ ಇಡುತ್ತಿದ್ದೆ. ಒಳ್ಳೆಯ ಏರ್ಪಾಡು ಎಂದು ಒಳಗೊಳಗೇ ಹೆಮ್ಮೆ ಬೇರೆ.

ಹಾಸಿಗೆ ಹಿಡಿದ ಅಮ್ಮನ ಮರ್ಯಾದೆ ಕಾಯಲು ಹೀಗೆ ಮಾಡಿದೆ ಎಂದು ಬರೆಯಬಹುದಿತ್ತು. ಕೇಳುವುದಕ್ಕೆ ಚೆನ್ನಾಗಿರುತ್ತಿತ್ತು — ಆದರೆ ಅಮ್ಮನ ಬಟ್ಟೆಗಳು ಅಂಗಳದಲ್ಲೇ ಒಣಗುತ್ತಿದ್ದವು. ಒಗೆದು ಹರವುತ್ತಿದ್ದದ್ದೂ ನೀವೇ.

ಮೊದಲು ಮಧ್ಯಾಹ್ನದ ಹೊತ್ತು ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು, ಸಂಜೆಗೆ ಸರಿಹೋಗುತ್ತಿತ್ತು. ನಾನು ಸೆಟ್‌ಟಾಪ್ ಬಾಕ್ಸ್ ಆರಿಸಿ ಹಾಕಿದೆ, ಕೇಬಲ್ಲಿನ ತುದಿ ಬಿಚ್ಚಿ ಒರೆಸಿ ಮತ್ತೆ ಬಿಗಿದೆ. ಮಧ್ಯಾಹ್ನವೇ ಯಾಕೆ ಎಂದು ಮಾತ್ರ ಯೋಚಿಸಲಿಲ್ಲ. ಆಷಾಢದ ಗಾಳಿ ಎದ್ದ ಒಂದು ದಿನ ಚಿತ್ರ ನಿಂತೇಹೋಯಿತು. ತೆರೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಸಾಲು. ಸಂಜೆಯಾದರೂ ಹೋಗಲಿಲ್ಲ.

ಮಾರನೆಯ ದಿನ ಭಾನುವಾರ. ಅಪ್ಪ ಕೆಜಿಎಫ್‌ನಿಂದ ಡಿಶ್ ಮೆಕ್ಯಾನಿಕ್ ಸೆಲ್ವಣ್ಣನನ್ನು ಕರೆಸಿದರು. ಅವನು ಟಿವಿಯಲ್ಲಿ ಸಿಗ್ನಲ್ಲಿನ ಪಟ್ಟಿ ನೋಡಿದ, ಅಂಗಳಕ್ಕೆ ಬಂದು ತಲೆಯೆತ್ತಿದ. ನಮ್ಮ ಮಾಳಿಗೆಯ ಮೇಲಕ್ಕೆ ಚಾಚಿದ್ದ ಬೇವಿನ ಕೊಂಬೆ ಕಂಡಿತು. ಅಲ್ಲಿಗೆ ಅವನ ತೀರ್ಪು ಮುಗಿಯಿತು.

"ಮರ ಅಡ್ಡ ಬಂದದೆ ಸಾರ್. ನಾನೇನು ಸೆಟಲೈಟ್‌ನ ಪಕ್ಕಕ್ ತಳ್ಳಕ್ ಆಗ್ತದಾ? ಅದನ್ನ ಕ್ಲಿಯರ್ ಮಾಡಿ, ಆಮೇಲ್ ಬಂದು ಟ್ಯೂನ್ ಮಾಡ್ತೀನಿ."

ನೀವು ಹಾಲಿನ ಕ್ಯಾನು ಹಿಡಿದು ಬಾಗಿಲಲ್ಲೇ ನಿಂತಿದ್ದಿರಿ. "ಓ, ನಮ್ ಮರದ್ದಾ ಈ ಕೆಲ್ಸ?" ಎಂದಿರಿ, ತುಂಟ ಮಗುವಿನ ಮೇಲೆ ದೂರು ಬಂದ ಹಾಗೆ.

ಅವತ್ತು ಸಂಜೆ ನಾನು ಮಾಳಿಗೆ ಹತ್ತಿದೆ. ಕಂಬದಲ್ಲಿ ನನ್ನ ಹಗ್ಗ ಉಜ್ಜಿದ ಕಡೆ ಬಣ್ಣ ಹೋಗಿತ್ತು. ಸ್ವಲ್ಪ ಮೇಲೆ, ಡಿಶ್ಶನ್ನು ಹಿಡಿದಿರುವ ಪಟ್ಟಿಯ ಪಕ್ಕದಲ್ಲಿ, ಬಿಸಿಲು ಕಾಣದ ಬೆಳ್ಳನೆಯ ಗೀರು — ಪಟ್ಟಿ ಮೊದಲು ಇದ್ದ ಜಾಗ. ಡಿಶ್ ತಿರುಗಿತ್ತು. ಗಾಳಿಗೆ ಒದ್ದೆ ಬೆಡ್‌ಶೀಟ್ ಅಂದರೆ ದೋಣಿಯ ಹಾಯಿ. ಅದನ್ನು ದಿನವೂ ಕಂಬಕ್ಕೆ ಕಟ್ಟಿ ಎಳೆಸಿದವಳು ನಾನು. ಒದ್ದೆಯಿದ್ದಾಗ ಕಂಬ ಬಾಗುತ್ತಿತ್ತು, ಒಣಗಿದ ಮೇಲೆ ನೆಟ್ಟಗಾಗುತ್ತಿತ್ತು. ಮಧ್ಯಾಹ್ನವೇ ಯಾಕೆ ಎಂಬುದಕ್ಕೆ ಉತ್ತರ ಅಷ್ಟೇ. ನಾನು ಓದಿದ್ದು ಇದನ್ನೇ, ಅತ್ತೆ. ಬೇರೆಯವರಿಗೆ ಹೇಳಿಕೊಡಬೇಕೆಂದು ಓದಿದ್ದು.

ಕೈಯಿಂದ ತಿರುಗಿಸಲು ನೋಡಿದೆ. ಕೂದಲೆಳೆಯಷ್ಟು ಆಚೀಚೆ ಆದರೂ ಸಿಗ್ನಲ್ ಸಿಗುವುದಿಲ್ಲವೆಂದು ಗೊತ್ತಿತ್ತು. ಸಿಗಲಿಲ್ಲ. ಕೆಳಗಿಳಿದು ನಿಜ ಹೇಳಬೇಕಿತ್ತು. ಹೇಳಿದರೆ ಹಗ್ಗದ ವಿಷಯ ಹೇಳಬೇಕು. ಹಗ್ಗದ ವಿಷಯ ಹೇಳಿದರೆ ಅದರ ಮೇಲೆ ಏನು ಒಣಗುತ್ತಿತ್ತು — ಅಪ್ಪನ ಎದುರು, ಸೆಲ್ವಣ್ಣನ ಎದುರು... ನಾಳೆ ನಿಮ್ಮೊಬ್ಬರಿಗೇ ಹೇಳೋಣ ಎಂದುಕೊಂಡೆ.

ಬೆಳಿಗ್ಗೆ ಎದ್ದಾಗ ಮಚ್ಚಿನ ಸದ್ದು ಕೇಳುತ್ತಿತ್ತು. ನೀವು ಆಳನ್ನು ಕರೆದಾಗಿತ್ತು. ಮೊದಲು ನಮ್ಮ ಕಡೆಯ ಕೊಂಬೆ ಬಿತ್ತು, ಟಿವಿ ಬರಲಿಲ್ಲ. ಫೋನಿನಲ್ಲಿ ಸೆಲ್ವಣ್ಣ, ಹಾಗಾದರೆ ತಲೆಯನ್ನೂ ತೆಗೆಸಿ ಎಂದ, ತಲೆಯೂ ಬಿತ್ತು. ಆಗಲೂ ಬರಲಿಲ್ಲ. ಪ್ರತಿ ಸಲ ಟಿವಿ ಹಾಕಿ ನೋಡಿ ಕಿಟಕಿಯಲ್ಲಿ "ಇಲ್ಲ ಅತ್ತೆ" ಎಂದು ಹೇಳುತ್ತಿದ್ದವಳು ನಾನು. ಬರುವುದಿಲ್ಲ ಎಂದು ಗೊತ್ತಿದ್ದೂ ರಿಮೋಟ್ ಒತ್ತಿ, ಒಂದು ಕ್ಷಣ ಕಾದು, ಇಲ್ಲ ಎನ್ನುತ್ತಿದ್ದೆ.

ಅಮ್ಮ ಮಲಗಿದಲ್ಲಿಂದಲೇ ಕೂಗಿದಳು. "ಸಾಕು ಬುಡೇ ರತ್ನ. ಟಿವಿ ಇಲ್ದಿದ್ರೆ ಸಾಯ್ತೀನಾ ನಾನು?"

ನೀವು ಕಿಟಕಿಗೆ ಮುಖ ಕೊಟ್ಟು ಹೇಳಿದಿರಿ: "ಮರ ಇನ್ನೊಂದ್ ಬೆಳುಸ್ಬೋದು ಕಣೆ. ನೀನು ನಗಾದ್ ಮರ್ತ್ರೆ ನಾನೆಲ್ಲಿಂದ ತರ್ಲಿ?" ಆಮೇಲೆ ಆಳಿನ ಕಡೆ ತಿರುಗಿ, "ಅರ್ಧಂಬರ್ಧ ಯಾಕಪ್ಪಾ, ಬುಡಕ್ಕೇ ಆಕು" ಎಂದಿರಿ.

ಕಿಟಕಿಗೂ ನಿಮಗೂ ನಡುವೆ ಒಂದು ಮೊಳ ಇತ್ತೋ ಇಲ್ಲವೋ. ಆ ಮಾತು ಮುಗಿದು ಕೊಡಲಿ ಮೇಲೇಳುವ ಮೊದಲು ನನಗೆ ಸಮಯವಿತ್ತು. ಬೇಕಾದಷ್ಟು ಸಮಯವಿತ್ತು —

ಸಂಜೆ ಸೆಲ್ವಣ್ಣ ಬಂದು ಡಿಶ್ ತಿರುಗಿಸಿ, ಬೋಲ್ಟು ಬಿಗಿದ. ಚಿತ್ರ ಬಂತು. "ನೋಡಿದ್ರಾಮ್ಮ, ಮರ ಹೋಯ್ತು, ಸಿಗ್ನಲ್ ಬಂತು" ಎಂದ. ಎಲ್ಲರೂ ಹೌದೆಂದರು. ನಾನು ಎಲ್ಲರಿಗೂ ಕಾಫಿ ಮಾಡಿ ಕೊಟ್ಟೆ.

ಮುಂದಿನ ಬೇಸಿಗೆಯಲ್ಲಿ ನಿಮ್ಮ ಎರಡು ಸೀಮೆಹಸುಗಳಿಗೆ ನೆರಳಿರಲಿಲ್ಲ. ನಮ್ಮ ಗೋಡೆಯ ನೆರಳು ಸರಿದ ಹಾಗೆಲ್ಲ ನೀವು ಗೂಟ ಕಿತ್ತು ಸರಿಸುತ್ತಿದ್ದಿರಿ. ಬೆನ್ನ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದಿರಿ. ಹಾಲು ಕಡಿಮೆಯಾಯಿತು ಎಂದು ಡೈರಿಯಲ್ಲಿ ಅಂದಿರಂತೆ, ನಮ್ಮ ಮನೆಯಲ್ಲಿ ಅನ್ನಲಿಲ್ಲ. ಕೈ ತೊಳೆದು ಬಂದು ಅಮ್ಮನ ಕಾಲ ಬಳಿ ಕೂರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಯುಗಾದಿಗೆ ನಮ್ಮ ಬೀದಿಗೆಲ್ಲ ಬೇವು ನಿಮ್ಮ ಮರದ್ದೇ. ಆ ಯುಗಾದಿಯ ಬೆಳಿಗ್ಗೆ ಬೀದಿಯವರು ಎಲ್ಲೆಲ್ಲೋ ಹುಡುಕಿಕೊಂಡು ಹೋದರು. ನಾನು ಒಳಗೇ ಇದ್ದೆ. ನೀವು ಕೆರೆ ಏರಿಯ ಆಚೆಯವರೆಗೂ ನಡೆದು ಹೋಗಿ, ಹೂವಿನ ಸಮೇತ ಒಂದು ಕಂತೆ ಬೇವು ಸೆರಗಲ್ಲಿ ಕಟ್ಟಿಕೊಂಡು ಬಂದಿರಿ. ಕಾಲೆಲ್ಲ ಧೂಳು. ಅಷ್ಟು ಹೊತ್ತಿಗೆ ವಾಕರ್ ಹಿಡಿದು ನಡೆಯುತ್ತಿದ್ದ ಅಮ್ಮ ತಾನೇ ಬಾಗಿಲಿಗೆ ಬಂದಳು.

"ಅಷ್ಟು ದೂರ ಯಾಕೇ ಓದೆ?" ಎಂದಳು.

"ಈ ಮನೆಗೆ ಬೇವು ನಾನ್ ಕೊಡಾದು. ಮರ ಇಲ್ಲ ಅಂತ ಬ್ಯಾರೆಯವ್ರು ಕೊಟ್ಬುಟ್ಟಾರಾ?" ಎಂದಿರಿ ನೀವು. "ತಕಾ ಅಮ್ಮಣ್ಣಿ" ಎಂದು ನನ್ನ ಕೈಗೆ ಹಾಕಿದಿರಿ.

ನಾನು ತೆಗೆದುಕೊಂಡೆ. ನಿಮ್ಮಿಂದ ನಾನು ತೆಗೆದುಕೊಂಡದ್ದೆಲ್ಲ ನನಗೆ ನೆನಪಿದೆ, ಅತ್ತೆ. ಅಮ್ಮ ಈಗ ಕೋಲೂ ಇಲ್ಲದೆ ನಿಮ್ಮ ಮನೆಯವರೆಗೆ ನಡೆದು ಬರುತ್ತಾಳಲ್ಲ, ಆ ನಡಿಗೆಯಲ್ಲಿ ಡಾಕ್ಟರ ಪಾಲು ಎಷ್ಟೋ ನಿಮ್ಮ ಕೈಯ ಪಾಲೂ ಅಷ್ಟೇ. ಕೃತಜ್ಞತೆಯನ್ನು ಆಗಲೇ ಹೇಳಿಬಿಡಬಹುದಿತ್ತು. ಆದರೆ ಸುಳ್ಳನ್ನು ಬಚ್ಚಿಟ್ಟುಕೊಂಡು ನಿಮಗೆ ಕೈಮುಗಿಯುವುದು ಹೇಗೆ? ಅದಕ್ಕೇ ಎರಡೂ ನನ್ನಲ್ಲೇ ಉಳಿದುಬಿಟ್ಟವು.

ಮೊನ್ನೆ ಅಪ್ಪನಿಗೆ ಹೇಳಿದೆ. ಪೂರ್ತಿ — ಹಗ್ಗ, ಬೆಡ್‌ಶೀಟ್, ಅದರ ಹಿಂದಿನದು. ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ, "ನನ್ ತಾವ ಯಾಕಮ್ಮ ಏಳ್ತಿದೀಯ? ಅದು ನನ್ ಮರನಾ?" ಎಂದರು. ಅಷ್ಟೇ ಅಂದದ್ದು.

ನೀವು ಓದಿದ್ದು ಆಂಧ್ರದ ಕಡೆ. ನಿಮಗೆ ತೆಲುಗು ಅಕ್ಷರ ಬರುತ್ತದೆ, ಕನ್ನಡ ಬರುವುದಿಲ್ಲ. ಬರೆದು ನಿಮ್ಮ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ದಾರಿಯೂ ನನಗಿಲ್ಲ. ಇಲ್ಲದ್ದೇ ಒಳ್ಳೆಯದು. ಬಾಯಲ್ಲೇ ಹೇಳಬೇಕು. ನೀವು ಬಯ್ದರೆ ನಿಂತು ಕೇಳುತ್ತೇನೆ. "ಓಗ್ಲಿ ಬುಡು" ಎಂದು ನೀವು ನಕ್ಕುಬಿಟ್ಟರೆ — ಅದನ್ನು ತಡೆದುಕೊಳ್ಳುವುದು ಕಷ್ಟ, ಆದರೂ ನಿಂತೇ ಇರುತ್ತೇನೆ.

ನೀಲಿ ಹಗ್ಗ ಇಷ್ಟು ದಿನವೂ ನನ್ನ ಟ್ರಂಕಿನಲ್ಲೇ ಇತ್ತು. ಇವತ್ತು ಬೆಳಿಗ್ಗೆ ಅದನ್ನು ಅಂಗಳದಲ್ಲಿ, ರಸ್ತೆಗೆ ಎದುರಾಗಿ ಕಟ್ಟಿ, ನನ್ನ ಬಟ್ಟೆಗಳನ್ನು ಒಣಹಾಕಿದ್ದೇನೆ. ಪರದೆ ಕಟ್ಟಿಲ್ಲ. ಮಧ್ಯಾಹ್ನ ಧಾರಾವಾಹಿಗೆ ಬರುವಾಗ ನೀವು ಅದರ ಕೆಳಗೆ ಬಗ್ಗಿಯೇ ಬರಬೇಕು. ಇದ್ಯಾವ ಹಗ್ಗ ಅಮ್ಮಣ್ಣಿ ಎಂದು ಕೇಳಿಯೇ ಕೇಳುತ್ತೀರಿ.

ಅಲ್ಲಿಂದ ಶುರುಮಾಡುತ್ತೇನೆ.