‘ಲೇ’ಗೆ ಎಷ್ಟು ಡೈಸ್?

ಫೆಬ್ರವರಿ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನನ್ನ ಡೈರಿಯ ಪ್ರಕಾರ ಆಟ ಶುರುವಾದದ್ದು ಆಗ. ಹೊಸಪೇಟೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಚಾಪೆ ಹಾಸಿ, ನಡುವೆ ಸ್ಟೂಲಿಟ್ಟು, ಅದರ ಮೇಲೆ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತೆರೆದು ನಾಲ್ವರು ಕೂತಿದ್ದೆವು.

ಪುಸ್ತಕ ಹಂಪಿಯಿಂದ ಬಂದದ್ದು. ಅಲ್ಲಿ ಗೈಡ್ ಆಗಿರುವ ನನ್ನ ಕಾಲೇಜು ಗೆಳೆಯನಿಗೆ ಪ್ರವಾಸಿಯೊಬ್ಬ ಬ್ಯಾಗಿನ ಭಾರ ಇಳಿಸಿಕೊಳ್ಳಲು ಕೊಟ್ಟುಹೋಗಿದ್ದ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಗಳ ಧಾಟಿಯಲ್ಲಿ, ಬಾಯಿಮಾತಿನಲ್ಲೇ ಆಡುವ ಆಟವೊಂದರ ನಿಯಮಗಳ ಪುಸ್ತಕ ಅದು. ಬೋರ್ಡಿಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಮಾತಾಡುತ್ತಾರೆ, ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಡೈಸ್ ಉರುಳಿಸುತ್ತಾರೆ. ಕಥೆ ನಡೆಸಿದ್ದು ಗೈಡ್ ಗೆಳೆಯ. ಯಶವಂತನಗರದ ಗಣಿಯ ವೇಬ್ರಿಡ್ಜ್‌ನಲ್ಲಿ ಲಾರಿಗಳ ತೂಕ ಬರೆಯುವ ನನ್ನ ಗೆಳತಿ ರೋಬೋ ರಿಪೇರಿ ಮಾಡುವ ಮುದುಕನಾದಳು. ನಾನು ಬೆಟ್ಟದಷ್ಟು ಎತ್ತರದ ರೋಬೋ ಓಡಿಸುವ ಹದಿನೈದು ವರ್ಷದ ಹುಡುಗನಾದೆ. ಇನ್ನೊಂದು ರೋಬೋ ಓಡಿಸಿದ್ದು ನನ್ನ ಅತ್ತಿಗೆ.

ಅತ್ತಿಗೆ ಕಂಪ್ಲಿಯವರು, ಅಕ್ಕಿ ಗಿರಣಿಯವರ ಮನೆಯ ಮಗಳು. ಮದುವೆಯಾಗಿ ನಮ್ಮ ಮನೆಗೆ ಬಂದು ಆಗಿನ್ನೂ ಮೂರು ತಿಂಗಳು. ನನಗಿಂತ ಒಂದು ವರ್ಷ ಚಿಕ್ಕವರು, ಆದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ನಾನೂ ಅವರಿಗೆ ನೀವು ಅನ್ನುತ್ತಿದ್ದೆ. ಅಣ್ಣನಿಗೆ ಕಾರ್ಖಾನೆಯ ಶಿಫ್ಟು. ಹಗಲೆಲ್ಲ ಮನೆಯಲ್ಲಿ ಅವರಿಗೆ ಮಾತಿಗೆ ಸಿಗುತ್ತಿದ್ದವರು ಅವ್ವ ಮತ್ತು ನಾನು, ಇಬ್ಬರ ಜೊತೆಗೂ ಅವರು ನೆಂಟರ ಮನೆಗೆ ಬಂದವರ ಹಾಗೆ ಮಾತಾಡುತ್ತಿದ್ದರು. ಆಟಕ್ಕೆ ನಾನು ಅವರನ್ನು ಕರೆದದ್ದು ಅದಕ್ಕೇ. ನನಗೆ ಬೇಕಾಗಿದ್ದದ್ದು ಗೆಲುವಲ್ಲ, ಒಬ್ಬ ಗೆಳತಿ.

ಪುಸ್ತಕದ ಒಳ್ಳೆಯ ಗುಣ ಮೊದಲ ದಿನವೇ ಗೊತ್ತಾಯಿತು. ಪ್ರತಿ ಆಟವೂ ಧಾರಾವಾಹಿಯ ಒಂದು ಕಂತಿನ ಹಾಗೆ ಶುರುವಾಗಬೇಕು. ಶೀರ್ಷಿಕೆ ಹಾಡು ಬರುವಾಗ ಪರದೆಯ ಮೇಲೆ ಏನು ಕಾಣುತ್ತದೆ ಎಂದು ಒಬ್ಬೊಬ್ಬರೂ ಒಂದು ಚಿತ್ರ ಹೇಳಬೇಕು. ಪುಸ್ತಕದ ಉದಾಹರಣೆಯಲ್ಲಿ ಹೂ ಉದುರುವ ಶಾಲೆಯ ಬೀದಿ ಇದೆ. ನಮ್ಮ ವೇಬ್ರಿಡ್ಜ್ ಗೆಳತಿ, “ರೋಬೋ ಲಾರಿಗಳ ಹಿಂದ ಪಾಳಿಯಾಗ ನಿಂತೈತಿ. ಮೈ ತುಂಬ ಕೆಂಪು ಧೂಳು. ಡ್ರೈವರ್ ಒಬ್ಬಾವ ಹಾರ್ನ್ ಹೊಡೀತಾನ, ‘ಲೇ ಉದ್ದನಾವ, ಮುಂದ ಸರಿಯಲೇ’” ಅಂದಳು. ಅವತ್ತು ಅತ್ತಿಗೆ ಮೊದಲ ಸಲ ನಮ್ಮೆದುರು ಬಾಯಿಗೆ ಸೆರಗು ಹಿಡಿಯದೆ ನಕ್ಕರು. ಅವರ ಚಿತ್ರದಲ್ಲಿ ರೋಬೋ ಹರಗೋಲಿನಲ್ಲಿ ಒಂದೇ ಕಾಲಿಟ್ಟು ಹೊಳೆ ದಾಟುತ್ತಿತ್ತು, ಇನ್ನೊಂದು ಕಾಲಿಗೆ ಜಾಗವಿರಲಿಲ್ಲ.

ಇನ್ನೊಂದು ನಿಯಮ ನನಗೆ ಇನ್ನೂ ಇಷ್ಟ. ಸೋತವರು ಸುಮ್ಮನೆ ಕೂರುವ ಹಾಗಿಲ್ಲ, ತಮ್ಮ ಪಾತ್ರದ ಬಾಲ್ಯದ ಒಂದು ನೆನಪನ್ನು ಹೇಳಬೇಕು. ಹೇಳಿದರೆ ಮುಂದಿನ ಸಲಕ್ಕೆ ಒಂದು ಡೈಸ್ ಹೆಚ್ಚು. ಸೋಲಿನಲ್ಲೂ ಮಾತಿನ ಸರದಿ ಕೊಡುವ ಆಟ ನಾನು ಬೇರೆ ಕಂಡಿಲ್ಲ.

ಕೊರತೆಗಳನ್ನೂ ಬರೆದಿಟ್ಟಿದ್ದೇನೆ. ಪುಸ್ತಕದ ಕೊನೆಗೆ ವಿಷಯಸೂಚಿ ಇಲ್ಲ. ಬಂದೂಕು ಕಾದು ಬಿಸಿಯಾಗುವುದಕ್ಕೆ ಮೂರು ಪುಟದ ಕೋಷ್ಟಕ, ಅದನ್ನು ಓದಿ ಮುಗಿಸುವಷ್ಟರಲ್ಲಿ ಬಂದೂಕೂ ಆರುತ್ತದೆ, ಚಹಾನೂ ಆರುತ್ತದೆ. ಚಿತ್ರಗಳಲ್ಲಿ ಹುಡುಗರಿಗೆ ಮೈತುಂಬ ಕವಚ, ಹುಡುಗಿಯರನ್ನು ಮಾತ್ರ ಅರ್ಧಂಬರ್ಧ ಬಟ್ಟೆಯಲ್ಲಿ ಯುದ್ಧಕ್ಕೆ ಕಳಿಸಿದ್ದಾರೆ. ಅವ್ವ ಮೇಲೆ ಬಂದಾಗಲೆಲ್ಲ ಗೈಡ್ ಗೆಳೆಯ ಕೋಷ್ಟಕದ ಪುಟ ತಿರುಗಿಸುತ್ತಿದ್ದ. ಆ ಕೋಷ್ಟಕದಿಂದ ಆದ ಉಪಕಾರ ಅದೊಂದೇ.

ಆದರೆ ನಾವು ಸಿಕ್ಕಿಹಾಕಿಕೊಂಡದ್ದು ಇದಾವುದರಲ್ಲೂ ಅಲ್ಲ, ‘ಕರೆಯುವ ಮೆಟ್ಟಿಲು’ ಎಂಬ ಅಧ್ಯಾಯದಲ್ಲಿ.

ಜಪಾನಿನವರು ಹೆಸರಿನ ತುದಿಗೆ ಗೌರವದ ಮಾತು ಸೇರಿಸಿ ಕರೆಯುತ್ತಾರಂತೆ, ಸಲುಗೆ ಬೆಳೆದ ಹಾಗೆ ಅದು ಬದಲಾಗುತ್ತದೆ, ಕೊನೆಗೆ ಬಿದ್ದೇ ಹೋಗುತ್ತದೆ. ಪುಸ್ತಕ ಇದನ್ನೇ ನಿಯಮ ಮಾಡಿದೆ. ಒಬ್ಬರನ್ನೊಬ್ಬರು ಕರೆಯುವ ರೀತಿ ಒಂದು ಮೆಟ್ಟಿಲು ಇಳಿದರೆ, ಇಬ್ಬರೂ ಸೇರಿ ಹೊಡೆಯುವ ಜೋಡಿ ಹೊಡೆತಕ್ಕೆ ಒಂದು ಡೈಸ್ ಹೆಚ್ಚುತ್ತದೆ. ಗೈಡ್ ಗೆಳೆಯ ಅದನ್ನು ನಮ್ಮ ಮಾತಿಗೆ ಇಳಿಸಿದ. ಮೇಲಿನಿಂದ ಕೆಳಕ್ಕೆ: ‘ರೀ’, ಆಮೇಲೆ ‘ಅಣ್ಣ-ಅಕ್ಕ’, ಆಮೇಲೆ ‘ನೀನು’, ತಳದಲ್ಲಿ ‘ಲೇ’. ಬರೆದ ದಿನವೇ ಜಗಳ. ಬಸ್ಸಿನ ಕಂಡಕ್ಟರನೂ ಅಣ್ಣ, ಒಡಹುಟ್ಟಿದವನೂ ಅಣ್ಣ. ಅದು ಮೇಲಿನ ಮೆಟ್ಟಿಲೋ ಕೆಳಗಿನದೋ? “ನಡುವ ಇಡ್ರಿ ಅತ್ಲಾಗ” ಎಂದು ತೀರ್ಮಾನವಾಯಿತು.

ಆಟದೊಳಗೆ ನಾನು ಎರಡನೇ ವಾರವೇ ‘ಲೇ’ಗೆ ಇಳಿದೆ. ಅತ್ತಿಗೆಯ ಪೈಲಟ್ ನನ್ನ ಪೈಲಟ್‌ನನ್ನು, ಶತ್ರುವಿನ ಬೆಂಕಿ ಸುರಿಯುವಾಗಲೂ, “ಸ್ವಲ್ಪ ಈ ಕಡೆ ಬರ್ತೀರೇನ್ರಿ” ಎಂದು ಕೇಳುತ್ತಿದ್ದ.

“ರೋಬೋಕ್ಕ ಕುಂಕುಮ ಹಚ್ಚಿ ಕರ್ಯಾಕ ಬಂದಾನ ನೋಡು ಇವ” ಎಂದು ಗೆಳತಿ ಕಾಡಿಸುತ್ತಿದ್ದಳು.

ಜೂನ್ ಕೊನೆಯವರೆಗೆ ಐದು ಸಲ ಜೋಡಿ ಹೊಡೆತಕ್ಕೆ ಕೈಹಾಕಿದೆವು. ಐದು ಸಲವೂ ಡೈಸ್ ಸಾಲದೆ ಸೋತೆವು. ಧಾರಾವಾಹಿಯ ಕೊನೆಯ ಕಾಳಗ ಬಾಕಿಯಿತ್ತು, ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ತವರಿಗೆ ಹೊರಡಬೇಕು. ಹಿಂದಿನ ಸಂಜೆ ಬಟ್ಟೆ ಮಡಚುತ್ತ ಅತ್ತಿಗೆ ನನಗೆ ಹೇಳಿದರು:

“ನನ್ನಿಂದ ನಿಮ್ಮ ಆಟ ಕೆಡ್ತೈತ್ರಿ ಅಕ್ಕಾರ. ಶ್ರಾವಣಕ್ಕ ಬಂದ ಮ್ಯಾಲ ನಾ ಕೆಳಗ ಅತ್ತೀರ ಹತ್ರ ಇರ್ತೀನಿ. ಬ್ಯಾರೆ ಯಾರನ್ನರ ಕರ್ಕೊಳ್ರಿ.”

“ಆಟಕ್ಕೇನು, ಸೋತ್ರ ಸೋಲ್ತೀವಿ” ಅಂದೆ.

“ಹಂಗಲ್ರಿ. ಲೇ ಅನ್ನಾಕ ನಂಗ ಬಾಯಿ ಬರಾಂಗಿಲ್ಲ.”

ಆ ರಾತ್ರಿಯ ಡೈರಿಯಲ್ಲಿ ಒಂದೇ ಸಾಲಿದೆ: ಅತ್ತಿಗೆ ಇನ್ನು ಆಡುವುದಿಲ್ಲವಂತೆ.

ಕೊನೆಯ ಕಾಳಗವನ್ನು ಕಂಪ್ಲಿಯಲ್ಲೇ ಮುಗಿಸೋಣ ಎಂದದ್ದು ಗೈಡ್ ಗೆಳೆಯ. “ಅವ್ರು ಬರಲಿಲ್ಲಂದ್ರ ನಾವ ಹೋಗೂಣು. ಪುಸ್ತಕಕ್ಕೇನು ಕಾಲಿಲ್ಲೇನು?” ಜುಲೈ ಎರಡನೇ ಭಾನುವಾರ ಮೂವರೂ ಬಸ್ಸಿಳಿದು ಗಿರಣಿಯ ಗೇಟಿನ ಮುಂದೆ ನಿಂತೆವು. ಒಳಗೆ ತೌಡಿನ ವಾಸನೆ, ಬೆಲ್ಟು ತಿರುಗುವ ಸದ್ದು. ಆ ಸದ್ದನ್ನೂ ಮೀರಿ ಮಹಡಿಯ ಮೇಲಿನಿಂದ ಒಂದು ದನಿ:

“ಲೇ ಅಣ್ಣಾ! ಕಿವಿಯಾಗೇನು ಹೊಟ್ಟು ತುಂಬೈತೇನಲೇ? ಜಲ್ದಿ ಗೇಟ್ ತಗಿ, ಬಿಸಿಲಾಗ ನಿಂತಾರ ಅವ್ರು!”

ನಾವು ಮೂವರೂ ತಲೆಯೆತ್ತಿದೆವು. ಅತ್ತಿಗೆ. ಅವರಿಗಿಂತ ಆರು ವರ್ಷಕ್ಕೆ ದೊಡ್ಡವನಾದ ಅವರಣ್ಣ “ಬಂದ್ನಲೇ ಯವ್ವಾ, ಬಂದ್ನಿ” ಎಂದು ಓಡಿಬಂದು ಗೇಟು ತೆಗೆದ.

ಗೆಳತಿ ಮೆಲ್ಲಗೆ ನನ್ನ ಮೊಣಕೈ ತಿವಿದಳು. “ಲೇನೂ ಐತಿ, ಅಣ್ಣಾನೂ ಐತಿ. ಇದಕ್ಕ ಎಷ್ಟು ಡೈಸ್?”

ಒಳಗೆ ಮಂಡಕ್ಕಿ, ಮಿರ್ಚಿ, ಚಹಾ. ನನ್ನ ತಟ್ಟೆಗೆ ಬಡಿಸುವಾಗ ಮತ್ತೆ ಅದೇ ಹಳೆಯ ದನಿ: “ಇನ್ನೊಂಚೂರು ಹಾಕ್ಕೊಳ್ರಿ ಅಕ್ಕಾರ.” ಒಂದೇ ಬಾಯಿ, ಮಧ್ಯೆ ಹತ್ತು ನಿಮಿಷ. ಬಾಯಿ ಬರುವುದಿಲ್ಲ ಎಂದದ್ದು ಸುಳ್ಳಲ್ಲ. ನನ್ನ ಮುಂದೆ ಬರುತ್ತಿರಲಿಲ್ಲ, ಅಷ್ಟೆ.

ಇದೊಂದು ಕಂತು ಮುಗಿಸಿಬಿಡೋಣ ಎಂದು ಗೈಡ್ ಗೆಳೆಯ ಚಾಪೆಯ ಮೇಲೆ ಪುಸ್ತಕ ತೆರೆದಾಗ ಅತ್ತಿಗೆಯೂ ಬಂದು ಕೂತರು. ಕಾಳಗ ಕೆಟ್ಟದಾಗಿ ನಡೆಯಿತು. ನನ್ನ ರೋಬೋ ಹಂಪಿಯ ಬಂಡೆಗುಂಡುಗಳ ನಡುವೆ ಸಿಕ್ಕಿಬಿತ್ತು, ಒಂದು ತೋಳು ಹೋಯಿತು. ಶತ್ರು ಮೇಲೆ ಬಂದು ನಿಂತ. ಗೈಡ್ ಗೆಳೆಯ ನನ್ನ ಕಡೆ ನೋಡಿ, “ನಿನ್ನ ಹುಡುಗ ಎದ್ದೇಳಾಂಗಿಲ್ಲ. ಮುಂದಿನ ಸುತ್ತಿಗೆ ಸತ್ತ” ಅಂದ.

ಅತ್ತಿಗೆ ಚಾಪೆಯ ಮೇಲೆ ಮೊಣಕಾಲೂರಿ ಮುಂದೆ ಬಾಗಿದರು. “ಲೇ ಅಕ್ಕಾ! ಕೈ ಕೊಡಲೇ! ನಾ ಇಲ್ಲೇ ಅದೀನಲ್ಲ, ಹಿಡ್ಕೋ!”

ಗೆಳತಿ ಹೊಟ್ಟೆ ಹಿಡಿದುಕೊಂಡು ಉರುಳಿದಳು. “ಅಕ್ಕ ಅಂತ! ಮೀಸಿ ಚಿಗುರಾಕತ್ತಿದ ಹುಡುಗ ಅದಾನ ಅವ!”

ಲೇ ಅಂದದ್ದು ಆ ಹುಡುಗನಿಗೆ ಇರಬಹುದು. ಅಕ್ಕ ಅಂದದ್ದು ನನಗೆ. ‘ಅಕ್ಕಾರ’ ಅಲ್ಲ, ಅಕ್ಕ. ಅಂದವಳಿಗೂ ಅದು ಆಮೇಲೆ ಹೊಳೆದು ಕಿವಿ ಕೆಂಪಾಯಿತು, ಆದರೆ ಚಾಚಿದ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಹಿಡಿದುಕೊಂಡೆ.

ಗೈಡ್ ಗೆಳೆಯ ಮಾತ್ರ ಪುಸ್ತಕ ಬಿಡಲಿಲ್ಲ. ಎರಡು ಮೆಟ್ಟಿಲ ಮೇಲೆ ಒಟ್ಟಿಗೆ ನಿಂತರೆ ಯಾವುದರ ಲೆಕ್ಕ? ಅಧ್ಯಾಯದ ಕೊನೆಯಲ್ಲಿ ಒಂದು ಸಾಲಿದೆ: ಒಟ್ಟಿಗೆ ಎರಡು ಮೆಟ್ಟಿಲು, ಮತ್ತು ಇಳಿದವರು ಮತ್ತೆ ಮೇಲೆ ಹತ್ತುವುದು, ಈ ಎರಡಕ್ಕೂ 212ನೇ ಪುಟ ನೋಡಿ. ನೋಡಿದೆವು. 212ನೇ ಪುಟದಲ್ಲಿ ರೋಬೋದ ಕೀಲುಗಳಿಗೆ ಎಣ್ಣೆ ಹಾಕುವ ಕ್ರಮವಿದೆ.

“ವೇಬ್ರಿಡ್ಜ್ ಮ್ಯಾಲ ಎರಡು ಲಾರಿ ಒಟ್ಟಿಗೆ ನಿಂತ್ರ ಎರಡರದೂ ತೂಕ ಬರ್ತೈತಿ. ಎರಡೂ ಹಿಡಿಯಪ್ಪ, ಸಾಕು ನಿನ್ನ ಪುಸ್ತಕ” ಎಂದು ಗೆಳತಿ ತೀರ್ಪು ಕೊಟ್ಟಳು. ಜೋಡಿ ಹೊಡೆತಕ್ಕೆ ಅಷ್ಟೂ ಡೈಸ್ ಉರುಳಿಸಿದೆವು. ಶತ್ರು ತುಂಗಭದ್ರೆಯ ಆಚೆ ದಡಕ್ಕೆ ಹೋಗಿ ಬಿದ್ದ.

ಶ್ರಾವಣದಲ್ಲಿ ಅತ್ತಿಗೆ ವಾಪಸು ಬಂದರು. ಬಾಗಿಲಲ್ಲಿ ಅವ್ವನಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, “ಆರಾಮ ಅದೀರೇನ್ರಿ ಅಕ್ಕಾರ” ಅಂದರು. ಪುಸ್ತಕದಲ್ಲಿ ಮೆಟ್ಟಿಲು ಇಳಿಯುವ ನಿಯಮ ಮಾತ್ರ ನಮಗೆ ಸಿಕ್ಕಿದೆ. ಮತ್ತೆ ಮೇಲೆ ಹತ್ತಿದರೆ ಗಳಿಸಿದ್ದನ್ನು ಕಳೆದುಕೊಂಡ ಹಾಗೆ ಎಂದೇ ನಾನು ತಿಳಿದಿದ್ದೆ.

ಭಾನುವಾರ ಮೂರು ಗಂಟೆಗೆ ಮಹಡಿಯಲ್ಲಿ ಚಾಪೆ ಹಾಸುತ್ತಿದ್ದಾಗ ಹಿಂದಿನಿಂದ ದನಿ ಬಂತು: “ಲೇ ಅಕ್ಕಾ, ನನ್ನ ಡೈಸ್ ಎಲ್ಲಿ ಇಟ್ಟೀಯಲೇ?”

ಕೆಳಗಿನಿಂದ ಅವ್ವ, “ಏನಂದ್ಲು ಅಕಿ?”

“ರೂಲ್‌ಬುಕ್ಕಿನಾಗ ಹಂಗ ಐತಿ, ಅವ್ವಾ!” ಎಂದು ನಾನೇ ಕೂಗಿದೆ.

“ಎಂಥಾ ಪುಸ್ತಕಲೇ ಅದು?” ಅಂದಳು ಅವ್ವ. ಅತ್ತಿಗೆ ಡೈಸಿನ ಡಬ್ಬಿ ಹಿಡಿದುಕೊಂಡು ತನ್ನ ಜಾಗದಲ್ಲಿ ಕೂತಳು. ಕೆಳಗೆ ಈಗಲೂ ‘ಅಕ್ಕಾರ’, ಮೇಲೆ ‘ಲೇ ಅಕ್ಕಾ’. ದಿನಕ್ಕೆ ಎಷ್ಟು ಸಲ ಹತ್ತಿ ಇಳಿದರೂ ನಮ್ಮ ಡೈಸ್ ಕಡಿಮೆಯಾಗಿಲ್ಲ.

ವಿಷಯಸೂಚಿ ಇಲ್ಲದಿದ್ದರೂ, ಕೋಷ್ಟಕ ಹಾಳಾಗಿಹೋಗಲಿ, ಇದು ಒಳ್ಳೆಯ ಪುಸ್ತಕ. ನಮ್ಮಲ್ಲಿರುವ ಪ್ರತಿಯಲ್ಲಿ ಪುಟದ ಸಂಖ್ಯೆ ತಪ್ಪಿದೆ, ಅಷ್ಟೆ. ಮೆಟ್ಟಿಲು ಮತ್ತೆ ಹತ್ತುವ ನಿಯಮ ನಿಜಕ್ಕೂ ಯಾವ ಪುಟದಲ್ಲಿದೆ, ಬೇರೆ ಮುದ್ರಣದಲ್ಲಿ ಅದು ಸಿಕ್ಕಿದೆಯೇ, ಗೊತ್ತಿರುವವರು ದಯವಿಟ್ಟು ಬರೆಯಿರಿ. ‘ರೀ’ ಎಂದು ಬರೆದರೂ ಸರಿ, ‘ಲೇ’ ಎಂದು ಬರೆದರೂ ಸರಿ.