ದೂರಿಲ್ಲದ ಊರು

ದೂರಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪಾಪ, ಅವರು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ಕೂತು ಕುರ್ಚಿಯ ಜೊತೆ ಆ ಹೆಸರೂ ಸವೆದುಹೋಗಿ, ಕೊನೆಗೆ ಉಳಿದದ್ದು ಸಹೋದ್ಯೋಗಿಗಳು ಇಟ್ಟ ಈ ಹೆಸರೇ. ಯಾರ ಮನೆಗೆ ನೀರು ಬರದಿದ್ದರೂ, ಬಂದ ನೀರು ಕೆಂಪಗಿದ್ದರೂ, ಪಕ್ಕದ ಮನೆಗೆ ಬಂದು ತಮ್ಮ ಮನೆಗೆ ಮಾತ್ರ ಬರದಿದ್ದರೂ (ಹೆಚ್ಚಿನ ದೂರು ಇದೇ), ಜನ ಏದುಸಿರು ಬಿಡುತ್ತ ಅವರ ಕಿಟಕಿಗೆ ಬರುತ್ತಿದ್ದರು. ದೂರಪ್ಪನವರು ಕನ್ನಡಕವನ್ನು ಹಣೆಗೇರಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಹೇಳಿ, ಏನು ತೊಂದರೆ?" ಎನ್ನುತ್ತಿದ್ದರು.

ಅಲ್ಲಿಂದ ಮುಂದೆ ಅವರು ತುಟಿ ಬಿಚ್ಚುತ್ತಿರಲಿಲ್ಲ. ಅದೇ ಅವರ ಕಸುಬಿನ ಗುಟ್ಟು. ಹೊಸದಾಗಿ ಸೇರಿದ ಗುಮಾಸ್ತರು ಮೊದಲ ಮಾತಿಗೇ "ಪೈಪು ಒಡೆದಿದೆ, ನಾಳೆ ಸರಿಹೋಗುತ್ತೆ" ಎಂದು ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದರು. ದೂರಪ್ಪನವರು ಹಾಗಲ್ಲ. ನೀರಿನಿಂದ ಶುರುವಾದ ಮಾತು ಸೊಸೆಯ ಕಡೆ ಹರಿದು, ಅಲ್ಲಿಂದ ಮೊಣಕಾಲು ನೋವಿಗೆ ತಿರುಗಿ, ಯಾವತ್ತೋ ಆಸ್ತಿ ನುಂಗಿದ ಅಣ್ಣನವರೆಗೂ ಹೋಗಿ ತಾನಾಗಿ ನಿಲ್ಲುವ ತನಕ ಕೇಳುತ್ತಿದ್ದರು. ಅರ್ಧಕ್ಕರ್ಧ ಜನ ಕೊನೆಗೆ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡಿ ಸಾರ್, ನೀರು ಇವತ್ತಲ್ಲ ನಾಳೆ ಬರುತ್ತೆ" ಎಂದು ದೂರನ್ನೇ ಕೊಡದೆ ಹಿಂತಿರುಗುತ್ತಿದ್ದರು. ಹೀಗಾಗಿ ಆ ವಿಭಾಗಕ್ಕೆ ದೂರುಗಳೇ ಕಡಿಮೆ ಎಂದು ಮೇಲಿನವರಿಂದ ಶಹಭಾಸ್ ಸಿಗುತ್ತಿತ್ತು. ನೀರು ಮಾತ್ರ ಬರುತ್ತಿರಲಿಲ್ಲ.

ಅವರ ಕುರ್ಚಿಯ ಎದುರಿನ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಕಳೆದರೂ ಅದರ ಚಿತ್ರಕ್ಕಾಗಿ ದೂರಪ್ಪನವರು ಅದನ್ನು ಇಳಿಸಲು ಬಿಟ್ಟಿರಲಿಲ್ಲ. ನೀಲಿ ಸಮುದ್ರ, ಬಿಳಿ ಮರಳು, ಒಂದು ಖಾಲಿ ಬೆಂಚು. ಜನರ ತಲೆಯ ಮೇಲಿಂದ ಆ ಬೆಂಚನ್ನೇ ನೋಡುತ್ತ ಅವರು ಲೋಕದ ಸಂಕಟವನ್ನೆಲ್ಲ ಕೇಳಿದರು. ನಿವೃತ್ತಿಯಾದ ಮೇಲೆ ಅಲ್ಲಿಗೆ ಹೋಗಿ ಕೂರುತ್ತೇನೆ, ಯಾವ ನರಪಿಳ್ಳೆಯೂ ನನ್ನ ಮುಂದೆ ಗೋಳು ತೋಡಿಕೊಳ್ಳಕೂಡದು ಎಂಬುದು ಅವರ ಜೀವನದ ಒಂದೇ ಒಂದು ಆಸೆ.

ಅವರ ಹೆಂಡತಿ ಮನೆಯ ಮುಂಭಾಗದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಆಕೆ ಏನೋ ಹೇಳಲು ಬಾಯಿ ತೆರೆದಾಗ ಗಂಡ, "ಅಯ್ಯೋ, ಇವತ್ತು ಇನ್ನೊಬ್ಬರು ಏನಾದ್ರೂ ತೊಂದರೆ ಅಂದ್ರೆ ನನ್ನ ತಲೆ ಸಿಡಿದುಹೋಗುತ್ತೆ" ಎಂದು ಚಪ್ಪಲಿಯನ್ನೂ ಬಿಚ್ಚದೆ ಕುಸಿದು ಕೂತರು. ಆಕೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರು. ಅಂದಿನಿಂದ ಆ ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಸೂರು ಸೋರಿದರೂ ಚೆನ್ನಾಗಿತ್ತು, ಜ್ವರ ಬಂದರೂ ಚೆನ್ನಾಗಿತ್ತು. ಅಳತೆ ಕೊಡಲು ಬಂದ ಹೆಂಗಸರು ಮಾತ್ರ ಹಗಲೆಲ್ಲ ಆ ಕೋಣೆಯಲ್ಲಿ ಏನೇನೋ ಪಿಸುಗುಟ್ಟಿ, ಕಿಸಕ್ಕನೆ ನಕ್ಕು, ಒಮ್ಮೊಮ್ಮೆ ಮೂಗು ಒರೆಸಿಕೊಂಡು ಹೋಗುತ್ತಿದ್ದರು. ಅದು ದೂರಪ್ಪನವರಿಗೆ ಗೊತ್ತಿರಲಿಲ್ಲ. ಅವರು ಮನೆ ಸೇರುವ ಹೊತ್ತಿಗೆ ಮೆಷಿನ್ನಿನ ಮೇಲೆ ಮುಸುಕು ಬಿದ್ದಿರುತ್ತಿತ್ತು.

ನಿವೃತ್ತಿಯಾದ ಮರುವಾರವೇ ಬಾಡಿಗೆ ಮನೆ ಬಿಟ್ಟು ಕ್ಯಾಲೆಂಡರಿನಂಥದ್ದೇ ಒಂದು ಕಡಲ ದಂಡೆಗೆ ಹೊರಟರು. ಹೊಲಿಗೆ ಮೆಷಿನ್ನನ್ನು ಹೆಂಡತಿ ತಮ್ಮ ಅಕ್ಕನ ಮಗಳಿಗೆ ಕೊಟ್ಟರು. "ಇನ್ಮೇಲೆ ನೀನೂ ಆರಾಮಾಗಿರು" ಎಂದು ಗಂಡ ಉದಾರವಾಗಿ ಹೇಳಿದರು. "ಹೂಂ, ಚೆನ್ನಾಗಿರುತ್ತೆ" ಎಂದರು ಆಕೆ. ಕತ್ತರಿಗಳ ಡಬ್ಬಿಯನ್ನು ಮಾತ್ರ ಸೀರೆಗಳ ನಡುವೆ ಇಟ್ಟುಕೊಂಡರು.

ಆಹಾ, ಆ ಊರು! ಬೀದಿ ಗುಡಿಸಿಟ್ಟಂತಿತ್ತು. ಎರಡೂ ಬದಿ ಬಿಳಿ ಸುಣ್ಣದ ಮನೆಗಳು, ಒಂದೊಂದರಲ್ಲೂ ಒಂದೊಂದು ನಿವೃತ್ತ ಜೋಡಿ. ನೀರು ಮೂರು ಹೊತ್ತೂ ಬರುತ್ತಿತ್ತು, ಅದೂ ಸ್ವಚ್ಛವಾಗಿ. ಸಂಜೆಯಾದರೆ ಎಲ್ಲರೂ ಕಡಲ ಕಟ್ಟೆಯ ಮೇಲೆ ಸಾಲಾಗಿ ಕೂತು ಸೂರ್ಯ ಮುಳುಗುವುದನ್ನು ನೋಡಬೇಕು. ಮುಳುಗಿದ ಮೇಲೆ ಬ್ಯಾಂಕಿನ ಮಾಜಿ ಮ್ಯಾನೇಜರು "ಆಹಾ" ಎನ್ನಬೇಕು. ಹಲ್ಲಿನ ಡಾಕ್ಟರ ಹೆಂಡತಿ "ನಿನ್ನೆಗಿಂತ ಇವತ್ತು ಚೆನ್ನಾಗಿತ್ತು" ಎನ್ನಬೇಕು. ಮಿಕ್ಕವರು "ಪುಣ್ಯ ಮಾಡಿದ್ವಿ" ಎನ್ನಬೇಕು. ಊರಿನ ಬಗ್ಗೆ ಯಾರೂ ಒಂದು ಕೊಂಕು ಮಾತು ಆಡಕೂಡದು. ಅಂಥ ನಿಯಮವನ್ನು ಯಾರೂ ಮಾಡಿರಲಿಲ್ಲ, ಯಾರೂ ಮುರಿಯುತ್ತಲೂ ಇರಲಿಲ್ಲ. ಇದ್ದಬದ್ದದ್ದನ್ನೆಲ್ಲ ಮಾರಿ ಬಂದವರು ಯಾವ ಬಾಯಲ್ಲಿ ಬೇಜಾರು ಅಂದಾರು?

ಮೊದಲ ತಿಂಗಳು ದೂರಪ್ಪನವರು ಮನಸಾರೆ "ಆಹಾ" ಅಂದರು. ಎರಡನೆಯ ತಿಂಗಳು ಅಭ್ಯಾಸಬಲದಿಂದ ಅಂದರು. ಆಮೇಲೆ ಆ ಶಬ್ದ ಆಕಳಿಕೆಯ ಜೊತೆ ಬರತೊಡಗಿತು. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಕಟ್ಟಿದವನಿಗೆ ಸಮುದ್ರದ ವಿಷಯ ಗೊತ್ತಿರಲಿಲ್ಲ. ಬೆಟ್ಟದ ಹತ್ತಿರ ಹೋದರೆ ಕಲ್ಲುಮುಳ್ಳಾದರೂ ಸಿಗುತ್ತದೆ, ಎಡವಬಹುದು, ಬೈಯಬಹುದು. ಸಮುದ್ರ ಹತ್ತಿರದಿಂದಲೂ ನುಣ್ಣಗೇ ಇರುತ್ತದೆ. ಅದನ್ನು ಎಷ್ಟು ಹೊತ್ತು ಅಂತ ನೋಡುವುದು?

ಹೆಂಡತಿಗೆ ಹೇಳೋಣವೆಂದರೆ ಬಿಸಿತುಪ್ಪ. ಆಕೆಯ ಕೋಣೆ, ಮೆಷಿನ್ನು, ನೆರೆಹೊರೆ ಎಲ್ಲವನ್ನೂ ಬಿಡಿಸಿ ಕರೆತಂದವರು ತಾವೇ. ಆಕೆಯೋ ದಿನಾ ಬೆಳಿಗ್ಗೆ ಕಿಟಕಿ ತೆರೆದು "ಎಷ್ಟು ಚೆನ್ನಾಗಿದೆ ಅಲ್ವಾ?" ಎನ್ನುತ್ತಾರೆ. ಅಷ್ಟು ಖುಷಿಯಾಗಿರುವವರ ಮುಂದೆ ಹೋಗಿ, "ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ, ನನಗೆ ಗೋಳು ಬೇಕು, ಯಾರಾದರೂ ನನ್ನ ಮುಂದೆ ಅಳಲಿ" ಅನ್ನುವುದು ಹೇಗೆ?

ಒಂದು ಮಧ್ಯಾಹ್ನ, ಹೆಂಡತಿ ಮಲಗಿದ್ದಾಗ, ದೂರಪ್ಪನವರು ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಸ್ಪ್ಯಾನರಿನಿಂದ ನಲ್ಲಿಯನ್ನು ಬಿಚ್ಚಿದರು. ಒಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಚೂರು ಕಿತ್ತು ಮತ್ತೆ ಹಾಕಿದರು. ನಲ್ಲಿ ತೊಟ್ಟಿಕ್ಕತೊಡಗಿತು. ನೀರು ಸರಬರಾಜು ಇಲಾಖೆಯಲ್ಲಿ ಬಾಳು ಸವೆಸಿದ ಮನುಷ್ಯ! ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ. ಆದರೆ ಆ ತೊಟ್ಟು ತೊಟ್ಟು ಸದ್ದು ಕೇಳಿ ಅವರಿಗಾದ ಸಂತೋಷ ಸೂರ್ಯಾಸ್ತ ನೋಡಿ ಎಂದೂ ಆಗಿರಲಿಲ್ಲ.

ಮರುದಿನ ನಲ್ಲಿ ರಿಪೇರಿಯವನು ಬಂದ. ಆ ಊರಿನಲ್ಲೇ ಹುಟ್ಟಿ ಬೆಳೆದವನು, ಚೀಲ ಕೆಳಗಿಡುವ ಮೊದಲೇ ಶುರು ಮಾಡಿದ. "ಏನ್ ಕೇಳ್ತೀರಿ ಸಾರ್, ಈ ಉಪ್ಪು ಗಾಳಿ ಇದ್ಯಲ್ಲ, ಕಬ್ಬಿಣಾನೂ ಬಿಡಲ್ಲ, ನನ್ನ ಸೊಂಟಾನೂ ಬಿಡಲ್ಲ." ದೂರಪ್ಪನವರ ಕೈ ತಾನಾಗಿ ಕನ್ನಡಕವನ್ನು ಹಣೆಗೇರಿಸಿತು. ಸ್ಟೂಲನ್ನು ಬಚ್ಚಲ ಬಾಗಿಲಿಗೆ ಎಳೆದುಕೊಂಡು, "ಹೇಳಪ್ಪ, ಏನು ತೊಂದರೆ?" ಎಂದರು. ಸೊಂಟದಿಂದ ಮಾತು ಏಣಿಗೆ, ಏಣಿಯಿಂದ ಅದನ್ನು ಎರವಲು ಒಯ್ದು ತಂದುಕೊಡದ ಭಾವನಿಗೆ, ಭಾವನಿಂದ ಅತ್ತೆಗೆ ಹರಿಯಿತು. ವಾಷರು ಹಾಕುವ ಚಿಟಿಕೆ ಹೊಡೆಯುವಷ್ಟು ಕೆಲಸಕ್ಕೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಒಳಗೆ ಸುಮ್ಮನೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಒಂದೇ ಸೀರೆಯನ್ನು ನಾಲ್ಕು ಸಲ ಬಿಚ್ಚಿ ಮಡಿಸಿದ್ದನ್ನು ದೂರಪ್ಪನವರು ಗಮನಿಸಲಿಲ್ಲ.

"ದಿನಾ ಸಮುದ್ರ ನೋಡಿ ನೋಡಿ ನಿನಗೆ ಬೇಜಾರಾಗಲ್ವೇನಯ್ಯ?" ಎಂದು ಕೇಳಿದರು.

"ನಾನ್ಯಾವಾಗ ನೋಡ್ದೆ ಸಾರ್? ಹೊತ್ತು ಮುಳುಗೋವರೆಗೂ ನಿಮ್ಮಂಥೋರ ಸಿಂಕಿನ ಕೆಳಗೇ ಇರ್ತೀನಲ್ಲ," ಎಂದ ಅವನು. "ಬ್ಯಾಂಕಿನೋರ ಮನೇಲಿ ವಾರಕ್ಕೊಂದು ನಲ್ಲಿ. ಡಾಕ್ಟ್ರ ಮನೇಲಿ ಫ್ಲಶ್ಶು. ಈ ಬೀದಿ ನಲ್ಲಿಗಳಿಗೆ ಅದೇನು ರೋಗ ಬಡ್ದಿದೆಯೋ, ಪಕ್ಕದ ಬೀದೀಲಿ ಒಂದೂ ಕೆಡಲ್ಲ."

ಕುಂಬಳಕಾಯಿ ಕಳ್ಳನ ಹಾಗೆ ದೂರಪ್ಪನವರು ಹೆಗಲು ಮುಟ್ಟಿ ನೋಡಿಕೊಂಡರು. ಅಂದು ಸಂಜೆ ಕಟ್ಟೆಯ ಮೇಲೆ ಮ್ಯಾನೇಜರು "ಆಹಾ" ಅಂದಾಗ ಅವರ ಬೆರಳಿನಲ್ಲಿ ಸ್ಪ್ಯಾನರಿನ ಗ್ರೀಸು ಕಂಡಿತು. ದೂರಪ್ಪನವರು ಮುಖ ತಿರುಗಿಸಿಕೊಂಡು "ಪುಣ್ಯ ಮಾಡಿದ್ವಿ" ಎಂದರು.

ಹೀಗೆ ವಾರಕ್ಕೊಂದು ನಲ್ಲಿಯಂತೆ ಸ್ವರ್ಗದ ದಿನಗಳು ಸಾಗುತ್ತಿದ್ದಾಗ ಹೆಂಡತಿಯ ಅಕ್ಕನ ಫೋನ್ ಬಂತು. ದೂರಪ್ಪನವರೇ ಎತ್ತಿಕೊಂಡರು.

"ನಿಮ್ಮ ಹಳೇ ಮನೆ ಮತ್ತೆ ಖಾಲಿಯಾಗಿದೆ," ಎಂದರು ಅಕ್ಕ. "ಮಾಲೀಕರು ನಿಮಗಾದ್ರೆ ಕಣ್ಣು ಮುಚ್ಚಿಕೊಂಡು ಕೊಡ್ತಾರಂತೆ. ಬೇಡ ಅಂದ್ರೆ ಬೇರೆಯವರು ಕಾದಿದ್ದಾರೆ. ಏನು ಹೇಳಲಿ?"

ದೂರಪ್ಪನವರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಹಳೆಯ ಓಣಿ, ಜಗಳ, ಬಾಗಿಲಿಗೆ ಬಂದು "ಸಾರ್, ನೀವು ರಿಟೈರಾದ್ರೂ ಪರವಾಗಿಲ್ಲ, ಸ್ವಲ್ಪ ಕೇಳಿ" ಎನ್ನುವ ಜನ, ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು. ಈಕೆ "ಹೋಗೋಣ" ಅಂದರೆ ಇವತ್ತೇ ಗಂಟುಮೂಟೆ ಕಟ್ಟಿಬಿಡುತ್ತೇನೆ ಅಂದುಕೊಂಡರು. ಆದರೆ ಬಾಯಿಂದ ಬಂದದ್ದು ಬೇರೆಯೇ.

"ಹಳೇ ಮನೆ ಖಾಲಿಯಂತೆ. ನಮಗ್ಯಾಕೆ, ಅಲ್ವಾ?"

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡರು. "ಅಲ್ವಾ ಮತ್ತೆ," ಎಂದರು. "ನೀವಿಲ್ಲಿ ಇಷ್ಟು ಚೆನ್ನಾಗಿದ್ದೀರಿ."

"ನಾವಿಲ್ಲಿ ಸ್ವರ್ಗದಲ್ಲಿದ್ದೀವಿ ಅಂತ ಹೇಳಿಬಿಡಿ ಅಕ್ಕಾ," ಎಂದು ದೂರಪ್ಪನವರು ಫೋನ್ ಇಟ್ಟರು. ಹೆಂಡತಿಗಾಗಿ ಎಂಥ ತ್ಯಾಗ ಮಾಡಿದೆ ಎಂದು ಅವರಿಗೇ ಹೆಮ್ಮೆಯೆನಿಸಿತು. ಆ ಸಂಜೆ ಸೂರ್ಯ ಮುಳುಗುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಎರಡು ದಿನ ಬಿಟ್ಟು ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಬಚ್ಚಲಿನದಲ್ಲ, ಕೈತೋಟದ್ದೂ ಅಲ್ಲ, ಅಡುಗೆಮನೆಯದು. ದೂರಪ್ಪನವರಿಗೆ ಆಶ್ಚರ್ಯ. ಅದನ್ನು ಅವರು ಮುಟ್ಟಿಯೇ ಇರಲಿಲ್ಲ. ಅದನ್ನು ಮುಂದಿನ ತಿಂಗಳಿಗೆಂದು ಕಾಯ್ದಿರಿಸಿದ್ದರು.

"ನಲ್ಲಿಯವನನ್ನ ಕರೀರಿ," ಎಂದರು ಹೆಂಡತಿ, ಎಂದೂ ಇಲ್ಲದ ಅವಸರದಿಂದ. ಅಷ್ಟು ಹೊತ್ತಿಗೆ ತಲೆ ಬಾಚಿ ಬೇರೆ ಸೀರೆ ಉಟ್ಟಿದ್ದರು.

ದೂರಪ್ಪನವರು ಸ್ಪ್ಯಾನರು ತಂದು, ಕೆಳಗೊಂದು ಬಕೆಟ್ಟಿಟ್ಟು, ತಾವೇ ಬಿಚ್ಚಿ ನೋಡಿದರು. ವಾಷರು ಅಂಗೈಗೆ ಬಿತ್ತು. ಅದರ ಒಂದು ಬದಿ ಕತ್ತರಿಸಿಹೋಗಿತ್ತು. ಸವೆದದ್ದಲ್ಲ, ಹರಿದದ್ದೂ ಅಲ್ಲ. ಅಂಚಿಗೆ ಸಾಲಾಗಿ ಹಲ್ಲುಹಲ್ಲಿನ ಗುರುತು, ಗರಗಸದ ಬಾಯಿಯಂತೆ. ಲೋಕದಲ್ಲಿ ಯಾವ ನಲ್ಲಿಯೂ ವಾಷರನ್ನು ಹಾಗೆ ತಿನ್ನುವುದಿಲ್ಲ. ಬಟ್ಟೆಯ ಅಂಚಿನ ನೂಲು ಬಿಟ್ಟುಕೊಳ್ಳದಿರಲಿ ಎಂದು ದರ್ಜಿಗಳು ಬಳಸುವ ಹಲ್ಲು ಕತ್ತರಿ ಮಾತ್ರ ಹಾಗೆ ಕತ್ತರಿಸುತ್ತದೆ.

ದೂರಪ್ಪನವರು ವಾಷರನ್ನು ಅಂಗೈಯಲ್ಲಿಟ್ಟು ಹೆಂಡತಿಯ ಮುಂದೆ ಹಿಡಿದರು. ಆಕೆ ಅದನ್ನು ನೋಡಿದರು. ಆಮೇಲೆ ಗಂಡನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದರು.

"ನೀವು ಬಚ್ಚಲುಮನೇದು ಮಾಡಿದ್ರಿ," ಎಂದರು ಮೆಲ್ಲಗೆ. "ನಾನು ಇದನ್ನ ಮಾಡಿದೆ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಲ್ಲಿಯವನು ಬಂದ ದಿನ ಮನೇಲಿ ಮಾತು ಕೇಳಿಸ್ತಿತ್ತಲ್ಲ, ಅದಕ್ಕೇ ಸುಮ್ಮನಿದ್ದೆ." ಆಕೆಯ ಧ್ವನಿ ಅಲ್ಲಿಗೇ ಒಡೆಯಿತು. "ಅವನು ಅತ್ತೆ ಸುದ್ದಿ ಅರ್ಧಕ್ಕೇ ನಿಲ್ಲಿಸಿ ಹೋಗಿದ್ದ ಕಣ್ರೀ. ಆಮೇಲೇನಾಯ್ತು ಅಂತ ತಿಳ್ಕೊಬೇಕಿತ್ತು ನನಗೆ."

ದೂರಪ್ಪನವರಿಗೆ ನಗು ಬಂತು, ನಾಚಿಕೆಯೂ ಬಂತು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಸ್ವರ್ಗದಲ್ಲಿ ಕೊಳೆಯುತ್ತಿದ್ದರಲ್ಲ! ಸ್ಪ್ಯಾನರು ಎಸೆದು ಫೋನಿಗೆ ಓಡಿದರು. ಅಕ್ಕ ಎತ್ತಿಕೊಂಡದ್ದೇ ತಡ, "ಆ ಮನೆ ನಮಗೇ ಬೇಕು, ಮಾಲೀಕರಿಗೆ ಹೇಳಿ" ಎಂದು ಒಂದೇ ಉಸಿರಿಗೆ ಹೇಳಿದರು.

"ಈಗ ಹೇಳ್ತೀರಾ?" ಎಂದರು ಅಕ್ಕ. "ಆ ಬೇರೆಯವರು ನಿನ್ನೆಯೇ ಹಾಲು ಉಕ್ಕಿಸಿ ಮನೆ ಸೇರಿಯಾಯ್ತು. ಸ್ವರ್ಗದಲ್ಲಿದ್ದೀವಿ ಅಂದವರು ನೀವೇ ಅಲ್ವಾ? ನಾನು ಅದನ್ನೇ ಹೇಳಿದೆ."

ದೂರಪ್ಪನವರು ಫೋನನ್ನು ನಿಧಾನವಾಗಿ ಇಟ್ಟರು. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ, ಹೆಂಡತಿಗೆ ಕೇಳಿಸಿತ್ತು. ಆಕೆಯ ಮುಖ ಕೆಂಪಾಯಿತು. ಇಷ್ಟು ವರ್ಷಗಳ ಸಂಸಾರದಲ್ಲಿ ದೂರಪ್ಪನವರು ಆ ಬಣ್ಣವನ್ನು ನೋಡಿರಲಿಲ್ಲ.

"ಸ್ವರ್ಗ ಅಂತ ಹೇಳೋಕೆ ನಿಮಗ್ಯಾರು ಹೇಳಿದ್ರು?" ಎಂದರು ಆಕೆ. "ನನ್ನನ್ನ ಒಂದು ಮಾತು ಕೇಳಿದ್ರಾ? 'ನಮಗ್ಯಾಕೆ, ಅಲ್ವಾ' ಅನ್ನೋದು ಕೇಳೋದಾ? ಊರವರ ಗೋಳೆಲ್ಲ ಕೇಳಿದ್ರಲ್ಲ, ದಾರೀಲಿ ಹೋಗೋರದ್ದು ಬರೋರದ್ದು, ನಲ್ಲಿಯವನ ಅತ್ತೇದು! ನನ್ನದು ಯಾವತ್ತಾದ್ರೂ..." ಅಲ್ಲಿಗೆ ಆಕೆ ನಿಂತುಬಿಟ್ಟರು. ಹಳೆಯ ಅಭ್ಯಾಸ. ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬಿಡಿ. ಚೆನ್ನಾಗೇ ಇದೆ," ಎಂದರು.

ಆ "ಹೋಗ್ಲಿ ಬಿಡಿ"ಯನ್ನು ದೂರಪ್ಪನವರು ಕಿಟಕಿಯಲ್ಲಿ ಸಾವಿರಾರು ಜನರ ಬಾಯಲ್ಲಿ ಕೇಳಿದ್ದರು. ಆದರೆ ಅವರೆಲ್ಲ ಪೂರ್ತಿ ಹೇಳಿ ಮುಗಿಸಿದ ಮೇಲೆ ಹಾಗೆ ಅಂದವರು. ಹೇಳುವ ಮೊದಲೇ ಹಾಗೆ ಅಂದವರು ಈಕೆ ಒಬ್ಬರೇ.

ಹೊರಗೆ ಬೀದಿಯವರೆಲ್ಲ ಕಟ್ಟೆಯ ಕಡೆ ಹೊರಟಿದ್ದರು. ಮ್ಯಾನೇಜರು ಗೇಟಿನ ಬಳಿ ನಿಂತು, "ಬರ್ತೀರಾ ಸಾರ್? ಹೊತ್ತಾಯ್ತು" ಎಂದು ಕೂಗಿದರು.

"ಇವತ್ತು ಬರಲ್ಲ," ಎಂದು ದೂರಪ್ಪನವರು ಒಳಗಿನಿಂದಲೇ ಕೂಗಿ, ಬಾಗಿಲು ಹಾಕಿ ಬಂದರು. ಅಡುಗೆಮನೆಯ ಸ್ಟೂಲನ್ನು ಹೆಂಡತಿಯ ಎದುರಿಗೆ ಎಳೆದುಕೊಂಡು ಕೂತರು. ವಾಷರಿಲ್ಲದ ನಲ್ಲಿಯಿಂದ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಅದರ ಪಾಡಿಗೆ ಅದನ್ನು ಬಿಟ್ಟು ಕನ್ನಡಕವನ್ನು ಹಣೆಗೇರಿಸಿದರು.

"ಹೇಳು," ಎಂದರು. "ಏನು ತೊಂದರೆ?"

ಹೆಂಡತಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದರು, ತಮಾಷೆ ಮಾಡುತ್ತಿದ್ದಾರೋ ಏನೋ ಎಂದು. ಆಮೇಲೆ ಒಂದು ಮಣೆ ಎಳೆದುಕೊಂಡು ಕೂತು, ಕಾಲು ನೀಡಿ, ಮದುವೆಯಾದ ವರ್ಷದಿಂದ ಶುರು ಮಾಡಿದರು. ದೂರಪ್ಪನವರು ಬಾಯಿ ಹಾಕಲಿಲ್ಲ. ಬಕೆಟ್ಟು ತುಂಬಿ ನೀರು ನೆಲಕ್ಕೆ ಹರಿದು ಅವರ ಪಾದ ನೆನೆಸಿತು. ಆಗಲೂ ಅವರು ಏಳಲಿಲ್ಲ.